ತಾನಾಗಿ ಬೆಳ್ಳಗಾದ ಗೋಡೆ

“ಕಪ್ಪಿಗೂ ಬಿಳುಪಿಗೂ ನಡುವೆ ಇರೋ ಯಾವ ಬೂದೂ ನನ್ನ ಕಣ್ಣು ತಪ್ಪಿಸಿ ಈ ಬಾಗಿಲು ದಾಟಿಲ್ಲ, ದಾಟೋದೂ ಇಲ್ಲ” ಎಂದು ಬೂದಣ್ಣ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಬಾರದವರಿಗೆ ಬೀದಿಗಿಳಿದು ಹೇಳಿಬರುತ್ತಿದ್ದ.

ಅವನ ಕಣ್ಣು ಅಂಥದ್ದೇ ಎನ್ನಿ. ಹಾರುವ ಕಾಗೆಯ ಎರಡು ರೆಕ್ಕೆಗಳಲ್ಲಿ ಯಾವುದು ಒಂದೆಳೆ ಹೆಚ್ಚು ಕಪ್ಪು ಎಂದು, ಕಾಗೆ ತಂತಿಯ ಮೇಲೆ ಕೂರುವುದರೊಳಗೆ ಹೇಳಿಬಿಡುತ್ತಿದ್ದ. ಮೋಡ ತೋರಿಸಿ “ಮಳೆ ಬರುತ್ತಾ ಬೂದಣ್ಣ?” ಎಂದರೆ, “ಮಳೆ ವಿಷಯ ಗೊತ್ತಿಲ್ಲ, ಎಡಗಡೆ ಮೋಡಕ್ಕೆ ಇಂಕು ಸ್ವಲ್ಪ ಜಾಸ್ತಿ ಬಿದ್ದಿದೆ” ಎನ್ನುತ್ತಿದ್ದ.

ಅವನ ಕಸುಬು, ಜನ ಕ್ಯಾಮೆರಾದಲ್ಲೋ ಫೋನಿನಲ್ಲೋ ತೆಗೆದ ಚಿತ್ರಗಳನ್ನು ಕಪ್ಪು ಬಿಳುಪಿನಲ್ಲಿ ಕಾಗದಕ್ಕೆ ಇಳಿಸಿಕೊಡುವುದು. ಕೇಳಿದರೆ ಅದೇನು ಮಹಾ ಎನಿಸುತ್ತದೆ. ಆದರೆ ಬಣ್ಣದ ಪ್ರಿಂಟರಿಗೆ ಬೂದು ಮಾಡು ಎಂದರೆ ಅದು ಕೆಂಪು, ಹಳದಿ, ನೀಲಿಗಳನ್ನು ಕಲಸಿ, ಬೂದಿನ ವೇಷ ತೊಡಿಸಿ ಕಳಿಸುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಗಂಭೀರವಾಗಿ ಕೂತಿದ್ದ ಅಜ್ಜ ಬೀದಿಯ ಬಿಸಿಲಿಗೆ ಬಂದ ಕೂಡಲೇ ಪಾಚಿ ಹಿಡಿದಂತೆ ಹಸಿರಾಗುತ್ತಾನೆ. ಬೂದಣ್ಣ ಆ ವೇಷಧಾರಿಗಳನ್ನೆಲ್ಲ ಹೊರಗಟ್ಟಿ ತನ್ನ ಪ್ರಿಂಟರಿನ ಹೊಟ್ಟೆಗೆ ಬರೀ ಕಪ್ಪು ಮತ್ತು ಬೂದು ಇಂಕುಗಳನ್ನೇ ತುಂಬಿಸಿದ್ದ. ಕೆಲಸದ ಕೋಣೆಯ ಗೋಡೆಗೆ ಬೂದು ಬಣ್ಣ, ಮೇಜಿಗೆ ಬೂದು ಬಟ್ಟೆ, ಮೈಗೆ ಬೂದು ಅಂಗಿ. ಕೆಂಪು ಅಂಗಿಯ ಗಿರಾಕಿ ಬಂದರೆ, ಅಂಗಿಯ ಬಣ್ಣ ಕಾಗದದ ಮೇಲೆ ಬಿದ್ದು ಕಣ್ಣು ಕೆಡಿಸುತ್ತದೆಂದು ಹೊಸ್ತಿಲಾಚೆಯೇ ನಿಲ್ಲಿಸಿ ಮಾತಾಡಿಸುತ್ತಿದ್ದ. ಹೀಗಾಗಿ ಹೆತ್ತವರಿಟ್ಟ ಹೆಸರು ಎಂದೋ ಉದುರಿಹೋಗಿ ಬೂದಣ್ಣ ಎಂಬುದೊಂದೇ ಉಳಿದಿತ್ತು. ಅವನು ಅಲ್ಲಾಡದೆ ಕೂತಿದ್ದಾಗ ಗೋಡೆ ಯಾವುದು ಮನುಷ್ಯ ಯಾವುದು ತಿಳಿಯದೆ ಕೊರಿಯರಿನವನು ಗೋಡೆಯ ಹತ್ತಿರ ಸಹಿ ಕೇಳಿದ್ದನಂತೆ.

ಕೆಲಸ ಕಲಿತದ್ದು ಸೋದರಮಾವನ ಫೋಟೋ ಅಂಗಡಿಯ ಡಾರ್ಕ್‌ರೂಮಿನಲ್ಲಿ, ಫಿಲ್ಮಿನ ಕಾಲಕ್ಕೆ. ಹೆಂಡತಿ ಸಿಕ್ಕಿದ್ದೂ ಅದೇ ಅಂಗಡಿಯ ಕೌಂಟರಿನಲ್ಲಿ. ಆಕೆ ತನ್ನ ಫೋಟೋ ತೆಗೆದುಕೊಂಡು ಹೋಗಲು ಬಂದವಳು ಲಕೋಟೆ ಬಿಚ್ಚಿ ನೋಡಿ, ಅದನ್ನು ಅವನ ಮೂಗಿನ ಹತ್ತಿರ ಹಿಡಿದಿದ್ದಳು.

“ಇದ್ಯಾರ್ರೀ? ಇಷ್ಟು ಬೆಳ್ಳಗೆ ಮಾಡಿದ್ದೀರಲ್ಲ, ಹೀಗೇ ಮನೆಗೆ ಹೋದ್ರೆ ನಮ್ಮಮ್ಮ ಯಾರ ಮಗಳೋ ಅಂತ ಬಾಗಿಲು ಹಾಕ್ತಾಳೆ.”

ಗಿರಾಕಿಗಳೆಲ್ಲ ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿ ಎಂದು ಗೋಗರೆಯುತ್ತಿದ್ದ ಕಾಲದಲ್ಲಿ, ತನ್ನ ಬಣ್ಣ ತನಗೆ ವಾಪಸ್ಸು ಕೊಡಿ ಎಂದು ಜಗಳಕ್ಕೆ ನಿಂತ ಹೆಣ್ಣನ್ನು ಬೂದಣ್ಣ ಮೊದಲ ಸಲ ಕಂಡಿದ್ದ. ಆ ಫೋಟೋವನ್ನು ಅವನು ಎಷ್ಟು ಸಲ ತಿದ್ದಿ ಮಾಡಿದನೆಂದರೆ, ಅದು ಮುಗಿಯುವುದರೊಳಗೆ ಮದುವೆ ಮುಗಿದಿತ್ತು.

ಕಂಪ್ಯೂಟರು, ಪ್ರಿಂಟರುಗಳ ಕಾಲ ಬಂದಾಗ ಆ ಮುಖವೇ ಅವನ ಅಳತೆಗೋಲಾಯಿತು. ಕಸುಬಿನ ಬೇರೆಯವರು ಬೂದು ಬಣ್ಣದ ಒಂದು ರಟ್ಟಿನ ಕಾರ್ಡನ್ನು ನಂಬುತ್ತಾರೆ. ಅದರ ಬೂದು ಅಚ್ಚಿನಲ್ಲೂ ಹಾಗೇ ಬಂದರೆ ಉಳಿದದ್ದೆಲ್ಲ ಸರಿ. ಬೂದಣ್ಣನೂ ಕಾರ್ಡು ಇಟ್ಟುಕೊಂಡಿದ್ದ. ಆದರೆ ಅವನ ವಾದವೇ ಬೇರೆ. “ಗಿರಾಕಿ ಗೋಡೆಗೆ ತೂಗುಹಾಕೋದು ಕಾರ್ಡನ್ನಲ್ಲ, ಮುಖಾನ. ಮುಖ ಸರಿ ಬಂದ್ರೆ ಸಾಕು.” ಹೊಸ ಇಂಕು ಬಂದಾಗ, ಹೊಸ ಕಾಗದದ ಕಟ್ಟು ಒಡೆದಾಗ, ಅಂಗಡಿಯ ಹಿಂದಿನ ಮನೆಯ ಒಳಕೋಣೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಹೆಂಡತಿ ಕೈಯಲ್ಲಿ ಕಾರ್ಡು ಹಿಡಿದು ಕೂರಬೇಕು. ಹಿಂದೆ ಸುಣ್ಣದ ಗೋಡೆ. ಕಾರ್ಡಿನ ಮೇಲೆ ಬೀಳುವ ಬೆಳಕನ್ನು ಅಳೆದು ಅವನು ಕ್ಲಿಕ್ ಮಾಡಬೇಕು. ಅಚ್ಚು ಹಾಕಿ, ಒಣಗಲು ಬಿಟ್ಟು, ಮಾರನೆಯ ದಿನ, ಅದೇ ಕುರ್ಚಿಯಲ್ಲಿ ಮೊಟ್ಟಮೊದಲು ತೆಗೆದ ಹಳೆಯ ಮೂಲಪ್ರತಿಯ ಪಕ್ಕದಲ್ಲಿಟ್ಟು ನೋಡಬೇಕು. ಕೆನ್ನೆಯ ಬೂದು ಕೆನ್ನೆಗೆ, ಹಣೆಯ ಬೂದು ಹಣೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಬೇಕು. ಕೂಡದಿದ್ದರೆ ಕಂಪ್ಯೂಟರಿನಲ್ಲಿ ತಿದ್ದಬೇಕು. ತಿದ್ದಿದ ಲೆಕ್ಕದಲ್ಲೇ ಊರವರ ಫೋಟೋಗಳೆಲ್ಲ ಅಚ್ಚಾಗಬೇಕು.

“ಬೇರೆ ಗಂಡಂದಿರು ಹೆಂಡ್ತಿ ಮುಖ ನೋಡ್ತಾರೆ. ಇವರು ಅಳೀತಾರೆ” ಎಂದು ಆಕೆ ನಗುತ್ತಿದ್ದಳು.

ನಗು ಇನ್ನೂ ಮನೆಯಲ್ಲಿರುವಾಗಲೇ ಆ ಮನೆಯೊಳಗೆ ಒಂದು ಕೆಟ್ಟ ನೆರಳು ಬಂದು ಕೂತಿತು. ಬಾಗಿಲು ತಟ್ಟಲಿಲ್ಲ, ಚಪ್ಪಲಿ ಬಿಡಲಿಲ್ಲ. ಆಕೆಯ ಚರ್ಮದ ಕೆಳಗೆ ಮೆಲ್ಲಗೆ ಇಂಕು ಹೊಯ್ಯತೊಡಗಿತು. ಬೀದಿಯಲ್ಲಿ ಅದನ್ನು ಯಾರೂ ಕಾಣಲಿಲ್ಲ, ಕನ್ನಡಿ ಕಾಣಲಿಲ್ಲ, ಆಕೆಯೂ ಕಾಣಲಿಲ್ಲ. ಬೂದಣ್ಣನ ಕ್ಯಾಮೆರಾ ಮೊದಲ ದಿನವೇ ಕಂಡಿತು. ಆ ಮನೆಯ ಪಾಪವೋ ಏನೋ, ಕ್ಯಾಮೆರಾ ಕಂಡದ್ದನ್ನು ತಿದ್ದುವ ಅಧಿಕಾರ ಬೂದಣ್ಣನ ಕೈಯಲ್ಲಿತ್ತು.

ಹೊಸ ಇಂಕಿನ ಬಾಟಲಿಗಳು ಬಂದಿದ್ದವು. ಆಕೆ ಕೂತಳು, ಅಚ್ಚಾಯಿತು, ಒಣಗಿತು. ಮೂಲಪ್ರತಿಯ ಪಕ್ಕ ಇಟ್ಟರೆ ಮುಖ ಒಂದು ಎಳೆ ಕಪ್ಪು. ಬೂದಣ್ಣ ಇಂಕಿನ ವ್ಯಾಪಾರಿಗೆ ಫೋನು ಹಚ್ಚಿದ.

“ಏನಪ್ಪಾ, ಇಂಕಿಗೆ ಏನು ಬೆರೆಸಿದ್ದೀಯ? ನನ್ನ ಹೆಂಡ್ತಿ ಮುಖ ಕಪ್ಪಾಗ್ತಿದೆ.”

“ಅಣ್ಣಾ, ನಾನು ಇಂಕು ಮಾರೋನು, ಮುಖಕ್ಕೆ ಹಚ್ಚೋ ಕ್ರೀಮ್ ಮಾರೋನಲ್ಲ” ಎಂದು ಅವನು ನಕ್ಕ.

“ನಗಬೇಡ. ಅದೇ ಮುಖ, ಅದೇ ಕಿಟಕಿ. ಬದಲಾಗಿರೋದು ನಿನ್ನ ಇಂಕೊಂದೇ.”

ಅದೇ ಮುಖ. ಮನುಷ್ಯ ಎಷ್ಟು ಸಲೀಸಾಗಿ ಆಡಿಬಿಡುತ್ತಾನೆ ನೋಡಿ. ಬೂದಣ್ಣ ಕಂಪ್ಯೂಟರಿನಲ್ಲಿ ನಡುಬೂದನ್ನು ಒಂದಿಷ್ಟು ಬಿಳುಪಿನ ಕಡೆಗೆ ಮೇಲಕ್ಕೆತ್ತಿ ಮುಖವನ್ನು ಮೊದಲಿನ ಬೆಳಕಿಗೆ ತಂದ. ಮನಸ್ಸು ನಿರಾಳವಾಯಿತು.

ಮುಂದಿನ ಸಲ ಕಾಗದದ ಕಟ್ಟು ಒಡೆದಾಗ ಮುಖ ಮತ್ತೊಂದು ಎಳೆ ಕಪ್ಪು. ಈ ಸಲ ಕಾಗದಕ್ಕೆ ಶಾಪ ಬಿತ್ತು. ಆಮೇಲಿನ ಸಲ ಹವೆಗೆ. ಅದರಾಚೆಯ ಸಲ ಪ್ರಿಂಟರಿನ ಮೂತಿಗೆ. ಇಂಕು ಉಗುಳುವ ಆ ಮೂತಿಯನ್ನು ಅವನು ಎಷ್ಟು ಉಜ್ಜಿದನೆಂದರೆ, ಇನ್ನೆರಡು ಸಲ ಉಜ್ಜಿದ್ದರೆ ಪ್ರಿಂಟರು ಪೊಲೀಸರಿಗೆ ದೂರು ಕೊಡುತ್ತಿತ್ತು. ಪ್ರತಿ ಸಲವೂ ಕೊನೆಗೆ ಒಂದೇ ಮದ್ದು. ನಡುಬೂದನ್ನು ಮೇಲಕ್ಕೆತ್ತು, ಮುಖವನ್ನು ಮೂಲಪ್ರತಿಗೆ ಕೂಡಿಸು.

ಕೂಡಿಸಿದ ಮೇಲೆ ಒಂದು ತೊಡಕು ಉಳಿಯುತ್ತಿತ್ತು. ಮುಖ ಸರಿಯಾದರೆ ಆಕೆಯ ಕೈಯಲ್ಲಿದ್ದ ಕಾರ್ಡು ಬೆಳ್ಳಗಾಗುತ್ತಿತ್ತು. ಕಾರ್ಡು ಸರಿಯಾದರೆ ಮುಖ ಕಪ್ಪಾಗುತ್ತಿತ್ತು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಬೂದಣ್ಣನಿಗೆ ಗೊತ್ತಾಯಿತು. ಯಾರು ಎಂದು ತೀರ್ಮಾನಿಸಲು ಅವನಿಗೆ ಚಣವೂ ಬೇಕಾಗಲಿಲ್ಲ. ಇಷ್ಟು ಕಾಲ ಸಂಸಾರ ಮಾಡಿದ ಹೆಂಡತಿಯನ್ನು ಬಿಟ್ಟು ರಟ್ಟಿನ ತುಂಡನ್ನು ನಂಬುವವನಲ್ಲ ಅವನು.

“ಬೆವರು ಕೈಲಿ ಹಿಡಿದೂ ಹಿಡಿದೂ ಕಾರ್ಡು ಬಿಳಚಿಕೊಂಡಿದೆ ಕಣೇ” ಎಂದು ಅದನ್ನು ಮುರಿದು ಬುಟ್ಟಿಗೆ ಹಾಕಿದ. ಹೊಸ ಕಾರ್ಡು ತರಿಸಿದ. ಅದೂ ಬೆಳ್ಳಗೇ ಬಂತು. “ಕಾರ್ಡು ಮಾಡೋರೂ ಕಳ್ಳರಾದ್ರು” ಎಂದ.

ಹೆಂಡತಿ ಕುರ್ಚಿಯಿಂದೇಳಲು ಕಿಟಕಿಯ ಸರಳು ಹಿಡಿದುಕೊಂಡಿದ್ದಳು. ಈಚೆಗೆ ಆಕೆ ಎಲ್ಲೆಂದರಲ್ಲಿ ಕೂತುಬಿಡುತ್ತಿದ್ದಳು. ಮೆಟ್ಟಿಲ ನಡುವೆ, ನೀರಿನ ಕೊಡದ ಪಕ್ಕ, ಅರ್ಧ ಮಡಿಸಿದ ಬಟ್ಟೆಗಳ ಮೇಲೆ. ಏನಾಯ್ತೇ ಎಂದರೆ “ಏನಿಲ್ಲ, ಕಾಲಿಗೆ ರಜಾ ಕೊಟ್ಟಿದೀನಿ” ಎನ್ನುತ್ತಿದ್ದಳು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈಹಾಕಿ, ಮಕ್ಕಳು ಸಕ್ಕರೆ ಕದಿಯುವ ಹಾಗೆ, ಅಂಗೈಯಲ್ಲಿಟ್ಟು ನೆಕ್ಕುತ್ತಿದ್ದಳು. ಬೂದಣ್ಣ ಅದನ್ನೂ ಕಂಡ.

“ಸಮುದ್ರ ಕುಡಿಯೋ ಯೋಚನೆ ಏನಾದ್ರೂ ಇದೆಯಾ?”

“ಬಾಯಿ ಕೇಳುತ್ತೆ ರೀ. ಉಪ್ಪಿಲ್ಲದಿದ್ರೆ ಜೀವ ನಿಲ್ಲಲ್ಲ ಅನ್ಸುತ್ತೆ.”

ಅವನು ನಕ್ಕು ಒಳಗೆ ಹೋದ. ಆಕೆ ನಗದೆ ಡಬ್ಬಿಯ ಮುಚ್ಚಳ ಹಾಕಿದಳು.

ಎದುರು ಸಾಲಿನ ಟೈಲರ್ ತನ್ನ ತಾಯಿಯ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಲು ಕೊಟ್ಟಿದ್ದ. ತಾಯಿ ಹೋಗಿ ಹೆಚ್ಚು ದಿನವಾಗಿರಲಿಲ್ಲ. ಅಚ್ಚು ಮನೆಗೊಯ್ದವನು ಮರುದಿನವೇ ಅದನ್ನು ಕಂಕುಳಲ್ಲಿಟ್ಟುಕೊಂಡು ವಾಪಸ್ಸು ಬಂದ.

“ಬೂದಣ್ಣ, ಇದೇನಿದು? ನಮ್ಮಮ್ಮ ಮಸಿ ಒಲೆ ಮುಂದೆ ಕೂತು ನಮ್ಮನ್ನ ಸಾಕಿದೋಳು, ನೀನು ಅವಳನ್ನ ಹಿಟ್ಟಿನ ಮೂಟೇಲಿ ಅದ್ದಿ ತೆಗೆದಿದ್ದೀಯ.”

“ನಿನ್ನ ಮನೆ ಬಲ್ಬ್ ಬದಲಾಯಿಸು.”

“ಬೀದಿಗೆ ತಂದು ನೋಡಿದೀನಪ್ಪಾ! ಪಕ್ಕದ ಮನೆಯೋಳು, ಅಮ್ಮ ಸತ್ತ ಮೇಲೆ ಬೆಳ್ಳಗಾದ್ರಾ ಅಂತ ಕೇಳಿದ್ಲು.”

“ನನ್ನ ಅಳತೆ ತಪ್ಪಲ್ಲ” ಎಂದು ಬೂದಣ್ಣ ಹೆಂಡತಿಯ ಎರಡು ಅಚ್ಚುಗಳನ್ನು, ಹಳೆಯದನ್ನೂ ಹೊಸದನ್ನೂ, ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. “ನೋಡು. ಎಲ್ಲಾದ್ರೂ ವ್ಯತ್ಯಾಸ ಇದೆಯಾ?”

ಟೈಲರ್ ಬಗ್ಗಿ ನೋಡಿದ. ಮುಖಗಳೇನೋ ಒಂದೇ ಇದ್ದವು. ತಲೆ ಕೆರೆದುಕೊಂಡ. “ಬಣ್ಣದ ವಿಷಯ ನಿಂಗೇ ಗೊತ್ತು. ಆದ್ರೆ ಒಂದು ಮಾತು, ತಪ್ಪು ತಿಳ್ಕೋಬೇಡ. ಅಕ್ಕ ಈಚೆಗೆ ರವಿಕೆಗಳನ್ನ ಮತ್ತೆ ಮತ್ತೆ ಬಿಗಿ ಮಾಡಿಸ್ತಿದ್ದಾರೆ. ಹೋದ ಸಲ ಹಿಡಿದ ಹೊಲಿಗೆ ಒಳಗೇ ಈ ಸಲ ಇನ್ನೊಂದು ಹೊಲಿಗೆ ಹಿಡೀಬೇಕಾಯ್ತು. ಮೈ ಕರಗ್ತಾ ಇದೆ.”

“ನಿನ್ನ ಟೇಪು ಹಿಗ್ಗಿರಬೇಕು” ಎಂದ ಬೂದಣ್ಣ.

ಟೈಲರ್ ಅವನ ಮುಖವನ್ನು ಒಂದು ಗಳಿಗೆ ನೋಡಿದ. ತಮಾಷೆಗೆ ಹೇಳಿದ್ದೋ ನಿಜಕ್ಕೋ ತಿಳಿಯಲಿಲ್ಲ. ತಾಯಿಯನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದ. ಅವಳು ಅಲ್ಲಿಂದ, ಸುಣ್ಣದ ತೆಳ್ಳನೆಯ ಪದರದ ಹಿಂದಿನಿಂದ ನೋಡುವವಳಂತೆ, ಬೂದಣ್ಣನನ್ನು ನೋಡುತ್ತಲೇ ಇದ್ದಳು. ಅವನಿಗೆ ಕಸಿವಿಸಿಯಾಗಿ ಚಿತ್ರವನ್ನು ಮಗುಚಿಟ್ಟ.

ಆಮೇಲೆ ಹೀಗೆ ವಾಪಸ್ಸು ಬಂದವರು ಟೈಲರನ ತಾಯಿಯೊಬ್ಬಳೇ ಅಲ್ಲ. ಮದುವೆ ಗಂಡು ಮಂಜಿನಲ್ಲಿ ಸಿಕ್ಕಿಕೊಂಡವನಂತೆ ಕಾಣುತ್ತಾನೆಂದು ಒಬ್ಬರು, ಮಗುವಿಗೆ ಮೂಗೇ ಇಲ್ಲವೆಂದು ಇನ್ನೊಬ್ಬರು. ಅವನ ಅಂಗಡಿಯಿಂದ ಹೊರಟ ಮುಖಗಳೆಲ್ಲ ಇಷ್ಟಿಷ್ಟೇ ಭೂತಗಳಾಗುತ್ತಿದ್ದವು. ಒಳಕೋಣೆಯಲ್ಲಿ ಒಂದು ಮುಖ ಮಾತ್ರ ಕಾಗದದ ಮೇಲೆ ಎಂದಿನಂತೆ, ಮದುವೆಯ ಹೊಸತರಲ್ಲಿದ್ದಂತೆ, ಕ್ಷೇಮವಾಗಿತ್ತು.

ಹೆಂಡತಿಯ ತಂಗಿ ದೂರದ ಊರಿನಲ್ಲಿದ್ದವಳು ಬಹಳ ದಿನಗಳ ಮೇಲೆ ಬಂದಳು. ಬೆಳಗಿನ ಹೊತ್ತು. ಅಕ್ಕ ಬಾಗಿಲು ತೆಗೆದದ್ದೇ ತಡ, ತಂಗಿಯ ಕೈಯ ಚೀಲ ಹೊಸ್ತಿಲ ಮೇಲೆ ಬಿತ್ತು.

“ಅಕ್ಕಾ! ಏನಾಗಿದೆಯೇ ನಿಂಗೆ? ಏನಿದು ಮುಖ? ಬಿಸಿಲಲ್ಲಿ ಒಣಗಿಸಿದ ಹಾಗಿದೆಯಲ್ಲೇ!”

“ವಯಸ್ಸಾಯ್ತು ಕಣೇ. ಬಾ ಒಳಗೆ.” ಅಕ್ಕನ ದನಿ ಬಾವಿಯೊಳಗಿಂದ ಬಂದಂತಿತ್ತು. ಹಿಂದಿನ ದಿನದಿಂದ ಜ್ವರ, ಬೆಳಗಿನಿಂದ ವಾಂತಿ. ಏನು ತಿಂದರೂ ನಿಲ್ಲುತ್ತಿರಲಿಲ್ಲ.

ತಂಗಿ ಸೀದಾ ಅಂಗಡಿ ಕೋಣೆಗೆ ನುಗ್ಗಿದಳು. ಮೈಮೇಲಿದ್ದದ್ದು ಕಡುಗೆಂಪು ಸೀರೆ. ಬೂದಣ್ಣ ತಡೆಯಲು ಎದ್ದು ನಿಂತ. ಆಕೆ ಅವನನ್ನು ದಾಟಿಕೊಂಡೇ ಬಂದಳು.

“ಭಾವಾ, ಕಣ್ಣು ಎಲ್ಲಿಟ್ಟಿದ್ದೀರಿ? ಅಕ್ಕ ಯಾಕೆ ಹೀಗಾಗಿದ್ದಾಳೆ? ಕಪ್ಪಿಟ್ಟು ಹೋಗಿದ್ದಾಳೆ!”

ಬೂದಣ್ಣನಿಗೆ ಮುನಿಸು ಬಂತು. ಊರಲ್ಲಿ ಯಾರು ಏನು ಬೇಕಾದರೂ ಅನ್ನಲಿ, ಬೂದಿನ ವಿಷಯಕ್ಕೆ ಅವನ ಕಣ್ಣಿಗೇ ಸವಾಲೇ? “ಕಪ್ಪಿಟ್ಟಿದ್ದಾಳಾ? ಬಾ ತೋರಿಸ್ತೀನಿ” ಎಂದು ಡ್ರಾಯರು ಎಳೆದ. ಮೂಲಪ್ರತಿಯಿಂದ ಹಿಡಿದು ಹೋದ ವಾರದ್ದರವರೆಗೆ ಆಕೆಯ ಅಚ್ಚುಗಳನ್ನೆಲ್ಲ ಎತ್ತಿಕೊಂಡು ಒಳಕೋಣೆಗೆ ನಡೆದ. ಹೆಂಡತಿ ಅದೇ ಕುರ್ಚಿಯಲ್ಲಿ ಕೂತಿದ್ದಳು, ತಲೆ ಗೋಡೆಗೆ ಒರಗಿತ್ತು. ಕಿಟಕಿಯ ಕೆಳಗೆ ನೆಲದ ಮೇಲೆ ಅವನು ಅಚ್ಚುಗಳನ್ನು ಸಾಲಾಗಿ ಹರಡಿದ.

“ನೋಡ್ಕೋ. ಮೊದಲನೇದು, ಕೊನೇದು. ಕೆನ್ನೆ ನೋಡು, ಹಣೆ ನೋಡು. ಒಂದು ಎಳೆ ಹೆಚ್ಚುಕಡಿಮೆ ತೋರಿಸು, ನಾಳೆಯಿಂದ ಅಂಗಡಿಗೆ ಬೀಗ.”

ತಂಗಿ ಸಾಲಿನುದ್ದಕ್ಕೂ ನೋಡಿದಳು. ಅಕ್ಕನನ್ನು ನೋಡಿದಳು. ಗೊಂದಲವಾಯಿತು. ಚಿತ್ರಗಳಲ್ಲಿ ಅಕ್ಕ ಬದಲಾಗಿರಲಿಲ್ಲ.

ಕುರ್ಚಿಯಿಂದ ಹೆಂಡತಿ ಮೆಲ್ಲಗೆ ಕೇಳಿದಳು. “ರೀ, ಗೋಡೆಗೆ ಸುಣ್ಣ ಯಾವಾಗ ಹೊಡೆಸಿದ್ರಿ?”

“ಯಾವ ಗೋಡೆ?”

“ನನ್ನ ಹಿಂದಿಂದು. ಈ ಕಡೆ ಫೋಟೋದಲ್ಲಿ ಹೊಗೆ ಹಿಡಿದ ಹಾಗಿದೆ. ಆ ಕಡೆ ಹೋಗ್ತಾ ಹೋಗ್ತಾ ಬೆಳ್ಳಗಾಗಿದೆ. ನಾನು ಸುಣ್ಣ ಹೊಡೆಸಿ ಅಂತ ಬಾಯಿ ಬಡ್ಕೊಳ್ತಾನೇ ಇದ್ದೀನಿ, ನೀವು ಹೊಡೆಸಲೇ ಇಲ್ಲ.”

ಬೂದಣ್ಣ ಸಾಲನ್ನು ನೋಡಿದ. ಇಷ್ಟು ಕಾಲ ಮುಖವನ್ನೇ ನೋಡಿದ್ದವನು ಮುಖ ಬಿಟ್ಟು ಉಳಿದದ್ದನ್ನು ನೋಡಿದ್ದು ಅದೇ ಮೊದಲು. ಗೋಡೆ ಒಂದೊಂದು ಚಿತ್ರಕ್ಕೂ ಒಂದೊಂದು ಪದರ ಬೆಳ್ಳಗಾಗಿತ್ತು. ಗೋಡೆಯ ಬಿರುಕುಗಳು ಮೊದಲ ಚಿತ್ರಗಳಲ್ಲಿ ಎಣಿಸುವ ಹಾಗಿದ್ದವು, ಕೊನೆಯದರಲ್ಲಿ ಕರಗಿಹೋಗಿದ್ದವು. ಕುರ್ಚಿಯ ಬೆನ್ನು ಬೆಳ್ಳಗಾಗಿತ್ತು. ಆಕೆಯ ಕಪ್ಪು ಸೆರಗು ಬೂದಾಗಿತ್ತು. ಕಾರ್ಡು ಬೆಳ್ಳಗಾಗಿತ್ತು. ಜಗತ್ತೆಲ್ಲ ಬಿಳಚಿಕೊಳ್ಳುತ್ತಿದ್ದರೆ ನಡುವೆ ಒಂದು ಮುಖ ಮಾತ್ರ ಇದ್ದ ಹಾಗೇ ಇತ್ತು. ಅವನು ತಲೆಯೆತ್ತಿ ನಿಜವಾದ ಗೋಡೆಯನ್ನು ನೋಡಿದ. ಅದು ಎಂದಿನ ಹಾಗೆ ಮಾಸಿತ್ತು, ಬಿರುಕುಗಳೆಲ್ಲ ತಮ್ಮ ಜಾಗದಲ್ಲೇ ಇದ್ದವು.

ಅವನು ಮೂಲಪ್ರತಿಯನ್ನು ಎತ್ತಿ ಹೆಂಡತಿಯ ಕೆನ್ನೆಯ ಪಕ್ಕ ಹಿಡಿದ. ಕಾಗದಕ್ಕೆ ಕಾಗದ ಹೋಲಿಸುತ್ತಾ ಬಂದಿದ್ದವನು, ಕಾಗದಕ್ಕೆ ಆಕೆಯನ್ನು ಹೋಲಿಸಿರಲಿಲ್ಲ. ಕಿಟಕಿಯ ಬೆಳಕು ಎರಡರ ಮೇಲೂ ಒಂದೇ ಸಮ ಬಿದ್ದಿತ್ತು. ಎರಡೂ ಒಂದೇ ಮುಖವಾಗಿರಲಿಲ್ಲ. ಆಕೆಯ ತುಟಿಯ ಮೇಲೆ, ಕಣ್ಣಿನ ಸುತ್ತ, ಬೆರಳ ಗಿಣ್ಣುಗಳ ಮೇಲೆ, ಅಂಗೈಯ ಗೆರೆಗಳೊಳಗೆ ಯಾರೋ ಮಸಿ ಹಚ್ಚಿ ಒರೆಸಿದಂತಿತ್ತು. ಇದು ಆಕೆ ಅಂದು ಕೌಂಟರಿನಲ್ಲಿ ಜಗಳವಾಡಿ ವಾಪಸ್ಸು ಪಡೆದ ಬಣ್ಣವಲ್ಲ. ಇದು ಬೇರೆ ಯಾರದ್ದೋ ಕೈಕೆಲಸ.

“ಯಾಕ್ರೀ ಹಾಗೆ ನೋಡ್ತೀರಿ? ಇವತ್ತೂ ಅಳೀತೀರಾ?” ಎಂದು ಆಕೆ ಏಳಲು ಹೋದಳು. ಮೊಣಕಾಲು ಮಡಿಸಿಕೊಂಡಿತು. ಹರಡಿದ್ದ ತನ್ನದೇ ಮುಖಗಳ ಮೇಲೆ ಕುಸಿದು ಬಿದ್ದಳು. ತಂಗಿ ಚೀರಿದಳು. ಬೂದಣ್ಣ ಕೈ ಹಿಡಿದರೆ ಅದು ತೊಳೆದ ಗಾಜಿನಷ್ಟು ತಣ್ಣಗಿತ್ತು. ನಾಡಿ ಇದೆಯೋ ಇಲ್ಲವೋ ಬೆರಳಿಗೆ ಸಿಗಲಿಲ್ಲ.

ಟೈಲರ್ ಅಂಗಡಿಯಿಂದ ಓಡಿಬಂದ, ಕತ್ತಿನಲ್ಲಿ ಟೇಪು ಹಾಗೇ ಜೋಲುತ್ತಿತ್ತು. ಆಟೋ ನಿಲ್ಲಿಸಿದವನು ಅವನೇ, ಎತ್ತಿ ಒಳಗೆ ಮಲಗಿಸಿದವನೂ ಅವನೇ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಬೂದಣ್ಣನಿಗೆ ಎಷ್ಟೋ ಹಗುರಾಗುತ್ತಿತ್ತು.

ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಬೂದಣ್ಣ ಕೂತ. ಆಸ್ಪತ್ರೆಯವರೂ ಗೋಡೆಗೆ ಬೂದು ಬಳಿಸಿದ್ದರು. ಪಕ್ಕದಲ್ಲಿ ತಂಗಿಯ ಕೆಂಪು ಸೀರೆ. ಗಾಜಿನ ಬಾಗಿಲಾಚೆ ನರ್ಸುಗಳು ಓಡಾಡುತ್ತಿದ್ದರು, ಒಳಗಿನಿಂದ ಯಾರೂ ಹೊರಗೆ ಬರುತ್ತಿರಲಿಲ್ಲ.

“ಭಾವಾ, ಅಕ್ಕ ಉಳೀತಾಳಾ?” ಎಂದು ತಂಗಿ ಕೇಳಿದಳು. ಅವನು ಬಾಗಿಲನ್ನೇ ನೋಡುತ್ತಿದ್ದ. ಬಿಸಿಲು ಕಿಟಕಿಯಿಂದ ಕಿಟಕಿಗೆ ಜಾರುತ್ತಿತ್ತು. ಜೀವನದಲ್ಲಿ ಮೊದಲ ಸಲ ಅದು ಎಷ್ಟು ಕಂದಿತೆಂದು ಅವನು ಅಳೆಯಲಿಲ್ಲ.

ಕೊನೆಗೆ ಡಾಕ್ಟರ್ ಹೊರಬಂದರು. ನಡುವಯಸ್ಸಿನ ಹೆಂಗಸು, ದನಿ ಮೆತ್ತಗಿತ್ತು.

“ಕಣ್ಣು ಬಿಟ್ಟಿದ್ದಾರೆ. ರಕ್ತದ ಒತ್ತಡ ಮೇಲೆ ಬರ್ತಿದೆ. ಇವತ್ತು ಕರ್ಕೊಂಡು ಬರದೇ ಇದ್ದಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ.”

ತಂಗಿ ಮುಖ ಮುಚ್ಚಿಕೊಂಡು ಅತ್ತಳು. ಬೂದಣ್ಣ ಎದ್ದು ನಿಂತ. ಡಾಕ್ಟರ್ ವಿವರಿಸಿದರು. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತ ಚಿಕ್ಕ ಗ್ರಂಥಿಗಳಿರುತ್ತವೆ. ಆಕೆಯಲ್ಲಿ ಅವು ಕೆಲಸ ಬಿಟ್ಟಿದ್ದವು. ಸುಸ್ತು, ಮೈ ಇಳಿಯುವುದು, ಉಪ್ಪಿನ ಚಪಲ, ಚರ್ಮ ಕಪ್ಪಾಗುತ್ತಾ ಹೋಗುವುದು, ಎಲ್ಲ ಅದರದೇ ಸುಳಿವು. ಅಂಥ ಮೈಗೆ ಒಂದು ಜ್ವರ ಬಂದರೂ ತಡೆಯುವ ಶಕ್ತಿ ಇರುವುದಿಲ್ಲ.

“ಮಾತ್ರೆ ಇದೆ. ಆದ್ರೆ ಬದುಕಿರೋವರೆಗೂ ತಗೋಬೇಕು. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ. ತಪ್ಪಿದ್ರೆ ಮತ್ತೆ ಇದೇ ಬಾಗಿಲು, ಆಗ ನಾವು ಏನಾದ್ರೂ ಮಾಡೋಕಾಗುತ್ತೋ ಇಲ್ವೋ ಹೇಳೋಕಾಗಲ್ಲ. ಇದು ಶುರುವಾಗಿ ತುಂಬಾ ದಿನ ಆಗಿದೆ. ಮುಖದಲ್ಲೇ ಬರೆದಿಟ್ಟ ಹಾಗಿದೆ.”

ಬೂದಣ್ಣ ತಲೆ ತಗ್ಗಿಸಿದ. ಡಾಕ್ಟರಿಗೆ ಕನಿಕರವೆನಿಸಿರಬೇಕು. ಹತ್ತಿರ ಬಂದು ಅವನ ಭುಜ ತಟ್ಟಿದರು.

“ಮನಸ್ಸಿಗೆ ಹಚ್ಕೋಬೇಡಿ ಯಜಮಾನ್ರೇ. ಇದು ಇಷ್ಟಿಷ್ಟೇ ಬದಲಾಗೋದು. ದಿನಾ ಜೊತೇಲಿರೋರ ಕಣ್ಣಿಗೆ ಕಾಣಲ್ಲ. ಯಾರೇ ಆಗಿದ್ರೂ ಕಾಣ್ತಿರಲಿಲ್ಲ.”

“ನನಗೆ ಕಂಡಿತ್ತು ಡಾಕ್ಟ್ರೇ” ಎಂದ ಬೂದಣ್ಣ. “ಪ್ರತಿ ಸಲಾನೂ ಕಂಡಿತ್ತು. ಕಂಡಾಗಲೆಲ್ಲ ಕೂತು ಅಳಿಸಿದೀನಿ.”